ಮಸುಕು ಯಾರ ತೀರ್ಮಾನ?

ನಮ್ಮ ಜಿಲ್ಲೆಯ ಪ್ರೌಢಶಾಲೆಗಳ ಮಕ್ಕಳು ಲಿಟ್ಲ್ ಕೈಟ್ಸ್ ಕೂಟಗಳಲ್ಲಿ ತಯಾರಿಸುವ ಪುಟ್ಟ ಅನಿಮೇಷನ್ ಚಿತ್ರಗಳನ್ನು ನೋಡಿದ ಹೆತ್ತವರಿಗೆ ಒಂದು ಅನುಭವ ಸಾಮಾನ್ಯ. ಚಿತ್ರದಲ್ಲಿ ಹೆಂಚಿನ ಮನೆಯಿದೆ, ಜಗಲಿಯಲ್ಲಿ ಅಜ್ಜಿ ಇದ್ದಾರೆ, ಹಿಂದೆ ಅಡಿಕೆ ತೋಟ, ಅದರಾಚೆ ಗುಡ್ಡ. ಬಣ್ಣಗಳು ಅಂದವಾಗಿವೆ, ಚಲನೆಯೂ ಸರಾಗವಾಗಿದೆ. ಆದರೂ ಎಲ್ಲವೂ ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗಿ ತೋರುತ್ತದೆ. ಅಜ್ಜಿಯ ಮುಖದಷ್ಟೇ ನಿಚ್ಚಳವಾಗಿ ಗುಡ್ಡದ ಮೇಲಿನ ಕಲ್ಲೂ ಕಾಣುತ್ತದೆ. ಎಲ್ಲಿ ನೋಡಬೇಕೆಂದು ಕಣ್ಣಿಗೆ ತಿಳಿಯುವುದಿಲ್ಲ.

ಇದು ಮಕ್ಕಳ ಕೊರತೆಯಲ್ಲ. ಕಂಪ್ಯೂಟರಿನೊಳಗಿನ ಕ್ಯಾಮರಾಕ್ಕೆ ಮಸೂರವೇ ಇಲ್ಲ. ಅದು ಗಣಿತದ ಒಂದು ಬಿಂದುವಿನಿಂದ ಲೋಕವನ್ನು ನೋಡುತ್ತದೆ. ಆದ್ದರಿಂದ ಅದಕ್ಕೆ ಹತ್ತಿರದ್ದೂ ದೂರದ್ದೂ ಸಮಾನವಾಗಿ ಸ್ಪಷ್ಟ. ನಿಜವಾದ ಕ್ಯಾಮರಾದಲ್ಲಿ ತಾನಾಗಿ ಉಂಟಾಗುವ ಮಸುಕನ್ನು ಇಲ್ಲಿ ಯಾರಾದರೂ ಬೇಕೆಂದೇ ತರಬೇಕು. ತರುವವರು ಎಲ್ಲಿ, ಎಷ್ಟು, ಯಾವಾಗ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಹೊಂದಿರಬೇಕು. ಈ ವಾರದ ಅಂಕಣ ಆ ತೀರ್ಮಾನದ ಕುರಿತಾದದ್ದು.

ಮೊದಲು ಮನೆಯಲ್ಲೇ ಮಾಡಬಹುದಾದ ಎರಡು ಪ್ರಯೋಗಗಳು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಉಗುರನ್ನು ದಿಟ್ಟಿಸಿದರೆ ಅಂಗಳದಾಚೆಯ ತೆಂಗಿನ ಮರ ಮಸುಕಾಗುತ್ತದೆ. ಮರವನ್ನು ದಿಟ್ಟಿಸಿದರೆ ಉಗುರು ಮಸುಕಾಗುತ್ತದೆ. ಎರಡನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ನೋಡಲು ಸಾಧ್ಯವಿಲ್ಲ. ದಿನವಿಡೀ ನಮ್ಮ ಕಣ್ಣು ಹೀಗೆ ಒಂದನ್ನು ಹಿಡಿದು ಮತ್ತೊಂದನ್ನು ಬಿಡುತ್ತಲೇ ಇರುತ್ತದೆ. ಅದು ಅಷ್ಟು ಬೇಗನೆ ನಡೆಯುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ. ಎರಡನೆಯದಾಗಿ, ದಪ್ಪ ಕಾಗದಕ್ಕೆ ಗುಂಡುಸೂಜಿಯಿಂದ ಒಂದು ತೂತು ಮಾಡಿ, ಅದನ್ನು ಕಣ್ಣಿಗೆ ಒತ್ತಿದಂತೆ ಹಿಡಿದು, ಇದೇ ಪತ್ರಿಕೆಯನ್ನು ಒಳ್ಳೆಯ ಬೆಳಕಿನಲ್ಲಿ ಕಣ್ಣಿಗೆ ತೀರಾ ಸಮೀಪ ತನ್ನಿ. ಬರಿಗಣ್ಣಿಗೆ ಓದಲಾಗದಷ್ಟು ಹತ್ತಿರ ಬಂದರೂ ತೂತಿನ ಮೂಲಕ ಅಕ್ಷರಗಳು ಓದಲು ಸಿಗುತ್ತವೆ. ಕಿಂಡಿ ಕಿರಿದಾದಷ್ಟೂ ಸ್ಪಷ್ಟತೆಯ ವ್ಯಾಪ್ತಿ ಹಿರಿದಾಗುತ್ತದೆ ಎಂಬ ಸತ್ಯ ಆ ತೂತಿನಲ್ಲಿದೆ. ಕಂಪ್ಯೂಟರಿನ ಕ್ಯಾಮರಾ ಅಂಥದೇ ಒಂದು ಸೂಜಿತೂತು. ಅದರ ಅಗಲ ಸೊನ್ನೆ.

ಇದರ ಕಾರಣ ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಮಕ್ಕಳು ಕನ್ನಡದಲ್ಲಿಯೇ ಓದುವ ಬೆಳಕಿನ ವಕ್ರೀಭವನದ ಪಾಠದಲ್ಲಿದೆ. ವಸ್ತುವಿನ ಒಂದು ಬಿಂದುವಿನಿಂದ ಹೊರಟ ಕಿರಣಗಳು ಪೀನ ಮಸೂರದ ಮೇಲೆಲ್ಲ ಹರಡಿ ಬೀಳುತ್ತವೆ. ಮಸೂರ ಅವುಗಳನ್ನು ಬಾಗಿಸಿ ಹಿಂದುಗಡೆ ಒಂದು ಬಿಂದುವಿನಲ್ಲಿ ಕೂಡಿಸುತ್ತದೆ. ಕಿರಣಗಳ ಈ ಕಟ್ಟು ಮಸೂರದ ಬಳಿ ಅಗಲವಾಗಿಯೂ ಕೂಡುವಲ್ಲಿ ಚೂಪಾಗಿಯೂ ಇರುವ ಶಂಕುವಿನ ಆಕಾರದ್ದು. ಫಿಲ್ಮು ಅಥವಾ ಸಂವೇದಕ ಸರಿಯಾಗಿ ಆ ತುದಿಯಲ್ಲಿದ್ದರೆ ಬಿಂದು ಬಿಂದುವಾಗಿಯೇ ಮೂಡುತ್ತದೆ. ತುದಿಗಿಂತ ಮುಂದೆಯೋ ಹಿಂದೆಯೋ ಇದ್ದರೆ ಶಂಕುವಿನ ಒಂದು ಅಡ್ಡಸೀಳು, ಅಂದರೆ ಒಂದು ಪುಟ್ಟ ವೃತ್ತ ಮೂಡುತ್ತದೆ. ಇಂಥ ಅಸಂಖ್ಯ ವೃತ್ತಗಳು ಒಂದರ ಮೇಲೊಂದು ಬಿದ್ದುದನ್ನೇ ನಾವು ಮಸುಕು ಎನ್ನುತ್ತೇವೆ. ವೃತ್ತ ತೀರಾ ಕಿರಿದಾಗಿದ್ದರೆ ಕಣ್ಣಿಗೆ ಅದೂ ಬಿಂದುವೇ. 36 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ಸುಮಾರು 0.03 ಮಿಲಿಮೀಟರಿನವರೆಗಿನ ವೃತ್ತವನ್ನು ಸ್ಪಷ್ಟವೆಂದು ಒಪ್ಪುವುದು ವಾಡಿಕೆ. ಈ ಮಿತಿಯೊಳಗೆ ಬರುವ ದೂರಗಳ ವ್ಯಾಪ್ತಿಯೇ ಡೆಪ್ತ್ ಆಫ್ ಫೀಲ್ಡ್; ನಾವು ಇದನ್ನು ಸ್ಪಷ್ಟತೆಯ ಆಳ ಎನ್ನೋಣ.

ಲೆಕ್ಕ ಹಾಕಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. 50 ಮಿಲಿಮೀಟರ್ ಸಂಗಮದೂರದ ಮಸೂರವೊಂದನ್ನು 3 ಮೀಟರ್ ದೂರದ ವಸ್ತುವಿಗೆ ಹೊಂದಿಸಲಾಗಿದೆ ಎನ್ನಿ. ಸಂಗಮದೂರವನ್ನು ಕೆಲವು ಪುಸ್ತಕಗಳು ನಾಭಿದೂರ ಎನ್ನುತ್ತವೆ. ಕಿಂಡಿಯನ್ನು ಎಫ್ 2.8ಕ್ಕೆ ಇಟ್ಟರೆ ಅದರ ವ್ಯಾಸ 50ನ್ನು 2.8ರಿಂದ ಭಾಗಿಸಿದಷ್ಟು, ಸುಮಾರು 18 ಮಿಲಿಮೀಟರ್. ಆಗ 2.7 ಮೀಟರಿನಿಂದ 3.3 ಮೀಟರಿನವರೆಗೆ ಮಾತ್ರ ಸ್ಪಷ್ಟ. ಒಬ್ಬ ವ್ಯಕ್ತಿ ಕೈ ಚಾಚಿದರೆ ಬೆರಳ ತುದಿ ಮಸುಕಾಗುವಷ್ಟು ಕಡಿಮೆ. ಎಫ್ 16ಕ್ಕೆ ಇಟ್ಟರೆ ಕಿಂಡಿ ಕೇವಲ 3 ಮಿಲಿಮೀಟರ್, ಸ್ಪಷ್ಟತೆ 1.9 ಮೀಟರಿನಿಂದ 7 ಮೀಟರಿನವರೆಗೆ ಹಬ್ಬುತ್ತದೆ. ಅಂದರೆ ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಈ ವಿಲೋಮವೇ ಹೊಸಬರನ್ನು ಗೊಂದಲಕ್ಕೆ ಕೆಡಹುವುದು. ಭಾಗಾಕಾರವನ್ನು ಒಮ್ಮೆ ನೆನಪಿಸಿಕೊಂಡರೆ ಗೊಂದಲ ಉಳಿಯದು.

ಚಿತ್ರ ಬರೆದು ಚಲಿಸುವಂತೆ ಮಾಡುವ ಕಲೆಯಲ್ಲಿ ದೂರವನ್ನು ತೋರಿಸುವ ಪ್ರಯತ್ನ ಕಂಪ್ಯೂಟರಿಗಿಂತ ಬಹಳ ಹಳೆಯದು. ತೊಗಲುಗೊಂಬೆ ಆಟ ಕಂಡವರಿಗೆ ಇದು ಗೊತ್ತು. ಬೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಅಂಚು, ಕೊರೆದ ಆಭರಣ ಎಲ್ಲವೂ ನಿಖರ. ದೀಪದ ಕಡೆಗೆ ಸರಿಸಿದಂತೆ ನೆರಳು ದೊಡ್ಡದಾಗುತ್ತ ಅಂಚು ಕರಗುತ್ತದೆ. ರಕ್ಕಸ ಹಿಗ್ಗಿ ಮಾಯವಾಗುವುದಕ್ಕೆ ಇದಕ್ಕಿಂತ ಹೆಚ್ಚಿನ ಯಂತ್ರ ಬೇಕಿಲ್ಲ. ಜರ್ಮನಿಯಲ್ಲಿ ಲೊಟ್ಟೆ ರೈನಿಗರ್ ಎಂಬ ಮಹಿಳೆ ಕತ್ತರಿಸಿದ ನೆರಳುಚಿತ್ರಗಳನ್ನು ಗಾಜಿನ ಮೇಜಿನ ಮೇಲೆ ಇಂಚಿಂಚು ಸರಿಸಿ, ಕೆಳಗಿನಿಂದ ಬೆಳಕು ಕೊಟ್ಟು, ಮೇಲಿನಿಂದ ಒಂದೊಂದೇ ಚೌಕಟ್ಟು ತೆಗೆದು, 1926ರಲ್ಲಿ ರಾಜಕುಮಾರ ಅಹ್ಮದನ ಸಾಹಸಗಳ ಚಲನಚಿತ್ರವನ್ನು ಪೂರ್ಣಗೊಳಿಸಿದರು. ಇಂದು ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಹಿನ್ನೆಲೆಗಾಗಿ ಅವರು ಗಾಜಿನ ಪದರಗಳನ್ನು ಒಂದರ ಮೇಲೊಂದು ಅಂತರವಿಟ್ಟು ಜೋಡಿಸುತ್ತಿದ್ದರು.

ವಾಲ್ಟ್ ಡಿಸ್ನಿ ಸಂಸ್ಥೆ ಈ ಪದರಗಳ ವಿಚಾರವನ್ನು ದೊಡ್ಡ ಯಂತ್ರವಾಗಿ ಕಟ್ಟಿತು. ಆಳೆತ್ತರ ಮೀರಿದ ಚೌಕಟ್ಟಿನಲ್ಲಿ ಗಾಜಿನ ಮೇಲೆ ಬರೆದ ಚಿತ್ರಗಳು ಬೇರೆ ಬೇರೆ ಅಂತಸ್ತುಗಳಲ್ಲಿ. ಎಲ್ಲಕ್ಕಿಂತ ಮೇಲೆ ಕೆಳಮುಖವಾದ ಕ್ಯಾಮರಾ. 1937ರ 'ದಿ ಓಲ್ಡ್ ಮಿಲ್' ಎಂಬ ಕಿರುಚಿತ್ರದಲ್ಲಿ ಅದು ಪ್ರಯೋಗಗೊಂಡಿತು; ಅದೇ ವರ್ಷದ ಕೊನೆಯಲ್ಲಿ 'ಸ್ನೋ ವೈಟ್' ಬಂದಿತು. ಇಲ್ಲಿ ಕ್ಯಾಮರಾ ನಿಜವಾದದ್ದು, ಮಸೂರ ನಿಜವಾದದ್ದು, ಪದರಗಳ ನಡುವಣ ದೂರವೂ ನಿಜವಾದದ್ದು. ಆದುದರಿಂದ ಮುಂದಿನ ಪೊದೆ ಮಸುಕಾಗಿ, ಹಿಂದಿನ ಗಿರಣಿ ಸ್ಪಷ್ಟವಾಗುವುದು ಭೌತವಿಜ್ಞಾನದ ಕೃಪೆಯಿಂದಲೇ. ಚಿತ್ರಗಳು ಮಾತ್ರ ಕಲ್ಪಿತ.

ಕಂಪ್ಯೂಟರಿನಲ್ಲಿ ದೂರವೂ ಕಲ್ಪಿತವಾದಾಗ ಮಸುಕನ್ನು ಲೆಕ್ಕದಿಂದಲೇ ಹುಟ್ಟಿಸಬೇಕಾಯಿತು. 1981ರಲ್ಲಿ ಮೈಕೆಲ್ ಪೊಟ್ಮೆಸಿಲ್ ಮತ್ತು ಇಂದ್ರನೀಲ್ ಚಕ್ರವರ್ತಿ ಎಂಬ ಇಬ್ಬರು ಅದಕ್ಕೊಂದು ಮಾರ್ಗ ತೋರಿಸಿದರು. ಮೊದಲು ಸೂಜಿತೂತಿನ ಕ್ಯಾಮರಾದಿಂದ ಪೂರ್ತಿ ಸ್ಪಷ್ಟವಾದ ಚಿತ್ರ ತೆಗೆಯುವುದು. ಜೊತೆಗೆ ಚಿತ್ರದ ಪ್ರತಿ ಬಿಂದು ಎಷ್ಟು ದೂರದ್ದು ಎಂಬುದನ್ನು ದಾಖಲಿಸಿಡುವುದು. ಅನಂತರ ಆ ದೂರಕ್ಕೆ ತಕ್ಕಂತೆ ಪ್ರತಿಯೊಂದು ಬಿಂದುವನ್ನೂ ವೃತ್ತವಾಗಿ ಹರಡುವುದು. ಈ ಕ್ರಮ ವೇಗವಾದದ್ದು. ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಇದರ ಕುಂದು ಅಂಚುಗಳಲ್ಲಿ ಕಾಣಿಸುತ್ತದೆ. ಕೀಲಿರಂಧ್ರದಿಂದ ನೋಡಿದರೆ ಎದುರಿನ ಕಂಬ ತನ್ನ ಹಿಂದಿನದನ್ನು ಪೂರ್ತಿ ಮರೆಮಾಡುತ್ತದೆ. ಅಗಲವಾದ ಕಿಟಕಿಯ ಎಡತುದಿಯಿಂದಲೂ ಬಲತುದಿಯಿಂದಲೂ ನೋಡಿದರೆ ಕಂಬದ ಹಿಂದಿನದೂ ಅಷ್ಟಿಷ್ಟು ಕಾಣುತ್ತದೆ. ನಿಜವಾದ ಮಸೂರ ಅಂಥ ಕಿಟಕಿ. ಹಾಗಾಗಿ ಅದರಲ್ಲಿ ಮಸುಕಾದ ಕಂಬದ ಅಂಚಿನ ಮೂಲಕ ಹಿಂದಿನ ದೃಶ್ಯ ಇಣುಕುತ್ತದೆ. ಸೂಜಿತೂತಿನ ಚಿತ್ರದಲ್ಲಿ ಆ ಹಿಂದಿನ ದೃಶ್ಯ ದಾಖಲಾಗಿಯೇ ಇರುವುದಿಲ್ಲ; ಅದನ್ನು ಊಹಿಸಿ ತುಂಬಬೇಕಾಗುತ್ತದೆ.

1984ರಲ್ಲಿ ಲ್ಯೂಕಾಸ್ ಫಿಲ್ಮ್ ಸಂಸ್ಥೆಯ ರಾಬರ್ಟ್ ಕುಕ್, ಥಾಮಸ್ ಪೋರ್ಟರ್ ಮತ್ತು ಲೋರೆನ್ ಕಾರ್ಪೆಂಟರ್ ಮತ್ತೊಂದು ಮಾರ್ಗ ಹಿಡಿದರು. ಒಂದೇ ಬಿಂದುವಿನಿಂದ ನೋಡುವ ಬದಲು, ಕಲ್ಪಿತ ಮಸೂರದ ಮೇಲ್ಮೈಯ ಅನೇಕ ತಾಣಗಳಿಂದ ಕಿರಣಗಳನ್ನು ಕಳುಹಿಸಿ, ಬಂದ ಉತ್ತರಗಳ ಸರಾಸರಿ ತೆಗೆಯುವುದು. ಇದು ಕಿಟಕಿಯ ನೋಟವನ್ನೇ ಅನುಸರಿಸುವುದರಿಂದ ಅಂಚುಗಳು ಸಹಜವಾಗಿ ಬರುತ್ತವೆ. ಬೆಲೆಯನ್ನು ಸಮಯದ ರೂಪದಲ್ಲಿ ತೆರಬೇಕು: ಕಿರಣಗಳು ಕಡಿಮೆಯಾದರೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಚುಕ್ಕೆಗಳು, ಹೆಚ್ಚಾದರೆ ಗಂಟೆಗಟ್ಟಲೆ ಕಾಯುವಿಕೆ. ಆ ಸಂಸ್ಥೆಯ ಕಂಪ್ಯೂಟರ್ ವಿಭಾಗವೇ 1986ರಲ್ಲಿ ಪಿಕ್ಸಾರ್ ಆಯಿತು. ಆ ಪಿಕ್ಸಾರ್ 2008ರಲ್ಲಿ 'ವಾಲ್-ಇ' ಚಿತ್ರವನ್ನು ಹೊರತರುವಾಗ ಹಳೆಯ ಪ್ಯಾನಾವಿಷನ್ ಕ್ಯಾಮರಾಗಳನ್ನು ತರಿಸಿ, ಅವುಗಳ ಮಸೂರಗಳು ಹೇಗೆ ಮಸುಕು ಮಾಡುತ್ತವೆ ಎಂಬುದನ್ನು ಪರೀಕ್ಷಿಸಿ, ಅದೇ ಗುಣವನ್ನು ಕಂಪ್ಯೂಟರಿನಲ್ಲಿ ಮೂಡಿಸಿತು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಸಲಹೆಗಾರರಾಗಿದ್ದರು. ಗಾಜಿನ ದೋಷವೆಂದು ಒಂದು ಕಾಲದಲ್ಲಿ ದೂರಿದ್ದನ್ನು ಗಾಜೇ ಇಲ್ಲದಲ್ಲಿ ಶ್ರಮಪಟ್ಟು ತರಲು ಕಾರಣವಿತ್ತು: ಆ ಚಿತ್ರದ ಮೊದಲ ಭಾಗದಲ್ಲಿ ಮಾತು ಬಹಳ ಕಡಿಮೆ. ತ್ಯಾಜ್ಯದ ರಾಶಿಗಳ ನಡುವೆ ಪುಟ್ಟ ಯಂತ್ರವೊಂದು ಏನನ್ನು ನೋಡುತ್ತಿದೆ, ಏನನ್ನು ಬಯಸುತ್ತಿದೆ ಎಂಬುದನ್ನು ಫೋಕಸ್ಸೇ ಹೇಳಬೇಕಿತ್ತು.

ಈಗ ಮಕ್ಕಳ ಮೇಜಿಗೆ ಬರೋಣ. ಬ್ಲೆಂಡರ್ ಎಂಬ ತಂತ್ರಾಂಶ ಯಾರಿಗೂ ಉಚಿತವಾಗಿ ದೊರೆಯುತ್ತದೆ. ಲಾಟ್ವಿಯಾ ಎಂಬ ಪುಟ್ಟ ದೇಶದ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಇದೇ ಬ್ಲೆಂಡರಿನಲ್ಲಿ ತಯಾರಿಸಿದ 'ಫ್ಲೋ' ಎಂಬ ಚಿತ್ರ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಾಗಿ ಆಸ್ಕರ್ ಪಡೆಯಿತು. ಅದರಲ್ಲಿ ಮನುಷ್ಯರ ಮಾತು ಒಂದೂ ಇಲ್ಲ. ಉಪಕರಣದ ಮಟ್ಟಿಗೆ ಹೇಳುವುದಾದರೆ, ಆ ನಿರ್ದೇಶಕನಿಗೆ ದೊರೆತದ್ದು ನಮ್ಮ ಮಕ್ಕಳಿಗೂ ದೊರೆಯುತ್ತದೆ.

ಬ್ಲೆಂಡರಿನಲ್ಲಿ ಕ್ಯಾಮರಾವನ್ನು ಆಯ್ದು ಅದರ ಗುಣಗಳ ಪಟ್ಟಿಯನ್ನು ತೆರೆದರೆ ಡೆಪ್ತ್ ಆಫ್ ಫೀಲ್ಡ್ ಎಂಬ ಚೌಕವಿದೆ. ಅದಕ್ಕೆ ಗುರುತು ಹಾಕಿದಾಗ ಸೊನ್ನೆ ಅಗಲದ ತೂತಿಗೆ ಒಂದು ಅಗಲ ಬರುತ್ತದೆ. ಫೋಕಸ್ ದೂರವನ್ನು ಮೀಟರುಗಳಲ್ಲಿ ಕೊಡಬಹುದು, ಅಥವಾ ದೃಶ್ಯದಲ್ಲಿರುವ ಒಂದು ವಸ್ತುವನ್ನು ತೋರಿಸಬಹುದು. ಎರಡನೆಯದು ಮೇಲು. ಕಣ್ಣಿಗೆ ಕಾಣದ ಎಂಪ್ಟಿ ಎಂಬ ಗುರುತನ್ನು ದೃಶ್ಯದಲ್ಲಿಟ್ಟು, ಅದನ್ನೇ ಫೋಕಸ್ ವಸ್ತುವೆಂದು ಹೇಳಿದರೆ, ಮುಂದೆ ಆ ಗುರುತನ್ನು ಸರಿಸಿದಂತೆಲ್ಲ ನೋಟ ಸರಿಯುತ್ತದೆ. ಕೆಳಗೆ ಎಫ್ ಸಂಖ್ಯೆ. ಅದರ ಕೆಳಗೆ ಬ್ಲೇಡುಗಳ ಸಂಖ್ಯೆ. ನಿಜವಾದ ಕ್ಯಾಮರಾದ ಕಿಂಡಿ ಲೋಹದ ಎಸಳುಗಳಿಂದಾದುದು. ಆರು ಎಸಳಿದ್ದರೆ ಹಿನ್ನೆಲೆಯ ದೀಪಗಳು ಆರು ಮೂಲೆಯ ಹೊಳಪುಗಳಾಗಿ ಹರಡುತ್ತವೆ. ಅದನ್ನೂ ಇಲ್ಲಿ ಅನುಕರಿಸಬಹುದು.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಕ್ಕಳು ಮನೆಯನ್ನು ಬೆಂಕಿಪೊಟ್ಟಣದ ಗಾತ್ರದಲ್ಲಿ ಕಟ್ಟಿ ಕ್ಯಾಮರಾವನ್ನು ಹತ್ತಿರ ತಂದರೆ, ಪರದೆಯ ಮೇಲೆ ಅದು ಮನೆಯಂತೆಯೇ ಕಾಣುತ್ತದೆ. ಮಸುಕಿನ ಲೆಕ್ಕ ಮಾತ್ರ ಬೆಂಕಿಪೊಟ್ಟಣದ್ದಾಗುತ್ತದೆ. ತೀರಾ ಹತ್ತಿರದ ವಸ್ತುವಿಗೆ ಸ್ಪಷ್ಟತೆಯ ಆಳ ತೀರಾ ಕಡಿಮೆ; ಮನೆಯ ಬಾಗಿಲು ಸ್ಪಷ್ಟ, ಕಿಟಕಿ ಮಸುಕು ಎಂಬಂತಾಗಿ ಇಡೀ ಮನೆ ಆಟಿಕೆಯಾಗಿಬಿಡುತ್ತದೆ. ಬಾಗಿಲು 2 ಮೀಟರ್, ಅಜ್ಜಿ ಒಂದೂವರೆ ಮೀಟರ್, ಅಡಿಕೆ ಮರ 15 ಮೀಟರ್ ಎಂದು ನಿಜವಾದ ಅಳತೆಯಲ್ಲಿ ಕಟ್ಟಿದರೆ ಈ ತೊಂದರೆ ಬಾರದು. ಶಾಲೆಯ ಲ್ಯಾಪ್‌ಟಾಪ್ ನಿಧಾನವಾಗಿದ್ದರೆ ಚಿತ್ರವನ್ನು ಸ್ಪಷ್ಟವಾಗಿಯೇ ತಯಾರಿಸಿ, ದೂರದ ದಾಖಲೆಯನ್ನು ಜೊತೆಗಿರಿಸಿಕೊಂಡು, ಮಸುಕನ್ನು ಆಮೇಲೆ ಸೇರಿಸಬಹುದು. 1981ರ ಮಾರ್ಗವೇ ಅದು.

ತಂತ್ರ ಇಷ್ಟೇ. ಕಷ್ಟವಿರುವುದು ತೀರ್ಮಾನದಲ್ಲಿ. ಜಗಲಿಯಲ್ಲಿ ಅಜ್ಜಿ ಅಡಿಕೆ ಸುಲಿಯುತ್ತಿದ್ದಾರೆ. ದೂರದ ಗೇಟಿನಲ್ಲಿ ಮೊಮ್ಮಗಳು ಶಾಲೆಯಿಂದ ಬಂದು ನಿಂತಿದ್ದಾಳೆ. ಮೊದಲು ಅಜ್ಜಿಯ ಕೈ ಸ್ಪಷ್ಟ, ಗೇಟು ಬರಿಯ ಬಣ್ಣದ ಕಲೆ. ಸುಲಿಯುವ ಕೈ ನಿಲ್ಲುತ್ತದೆ. ಫೋಕಸ್ ನಿಧಾನವಾಗಿ ಗೇಟಿಗೆ ಸರಿದು ಮಗುವಿನ ಮುಖ ಮೂಡುತ್ತದೆ. ಅಜ್ಜಿಗೆ ಹೆಜ್ಜೆಯ ಸಪ್ಪಳ ಕೇಳಿಸಿತು ಎಂಬುದು ಮಾತಿಲ್ಲದೆ ನಮಗೆ ತಿಳಿಯುತ್ತದೆ. ಕೈ ನಿಲ್ಲುವ ಮೊದಲೇ ಫೋಕಸ್ ಸರಿದರೆ ಕತೆ ಬೇರೆಯಾಗುತ್ತದೆ: ಮಗು ಬಂದದ್ದು ನಮಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ. ಫೋಕಸ್ ಕೊನೆಯವರೆಗೂ ಅಜ್ಜಿಯಲ್ಲೇ ಉಳಿದರೆ, ಗೇಟಿನಲ್ಲಿ ಬಂದು ನಿಂತ ಕಲೆಯೊಂದು ಯಾರೆಂದು ತಿಳಿಯದೆ ನೋಡುವವನ ಎದೆ ಸ್ವಲ್ಪ ನಡುಗಲೂ ಬಹುದು. ವಸ್ತುಗಳು ಅವೇ, ಚಲನೆ ಅದೇ; ಒಂದು ಕ್ಷಣದ ಹಿಂದುಮುಂದು ಮೂರು ಕತೆಗಳನ್ನು ಮಾಡಿತು. ಹೆತ್ತವರು ಮಕ್ಕಳ ಚಿತ್ರ ನೋಡುವಾಗ 'ಚೆನ್ನಾಗಿದೆ' ಎಂದಷ್ಟೇ ಹೇಳದೆ 'ಇಲ್ಲಿ ಇದನ್ನು ಏಕೆ ಮಸುಕು ಮಾಡಿದೆ?' ಎಂದು ಕೇಳಿದರೆ ಆ ಪ್ರಶ್ನೆಯೇ ಒಳ್ಳೆಯ ಪಾಠವಾದೀತು.

ವಕೀಲಿ ವೃತ್ತಿಯವನಾದ ನನಗೆ ಈ ಪ್ರಶ್ನೆ ಮತ್ತೊಂದು ಕಾರಣಕ್ಕೂ ಮುಖ್ಯ. ಕಲ್ಪಿತ ಮಸುಕು ಈಗ ಅನಿಮೇಷನ್ನಿನ ಮನೆಯೊಳಗೆ ಮಾತ್ರ ಉಳಿದಿಲ್ಲ. ನಮ್ಮೆಲ್ಲರ ಜೇಬಿಗೆ ಬಂದಿದೆ. 2016ರಲ್ಲಿ ಆಪಲ್ ಸಂಸ್ಥೆ ಐಫೋನ್ 7 ಪ್ಲಸ್‌ನಲ್ಲಿ ಪೋರ್ಟ್ರೇಟ್ ಮೋಡ್ ತಂದಿತು. 2021ರ ಐಫೋನ್ 13ರಲ್ಲಿ ವಿಡಿಯೋಗೂ ಅದೇ ಬಂದು, ತೆಗೆದಾದ ಮೇಲೂ ಫೋಕಸ್ ಬದಲಿಸುವಂತಾಯಿತು. ಇಂದು ಸಾಧಾರಣ ಬೆಲೆಯ ಫೋನುಗಳಲ್ಲೂ ಇಂಥ ಏರ್ಪಾಡಿದೆ. ಫೋನಿನ ಪುಟ್ಟ ಮಸೂರ ಅಷ್ಟೊಂದು ಮಸುಕನ್ನು ತಾನಾಗಿ ಮಾಡಲಾರದು. ಯಾವುದು ಹತ್ತಿರ, ಯಾವುದು ದೂರ ಎಂದು ಫೋನು ಲೆಕ್ಕ ಹಾಕಿ, ದೂರವೆನಿಸಿದ್ದನ್ನು ಕದಡುತ್ತದೆ. ಮದುವೆಯ ಚಿತ್ರದಲ್ಲಿ ಮುಡಿದ ಮಲ್ಲಿಗೆಯ ಒಂದು ಎಸಳು, ಕನ್ನಡಕದ ಒಂದು ಅಂಚು ಹಿನ್ನೆಲೆಯೊಡನೆ ಕರಗಿಹೋಗುವುದು ಆ ಲೆಕ್ಕ ತಪ್ಪಿದಾಗ.

ಮದುವೆಯ ಚಿತ್ರದಲ್ಲಿ ಇದು ನಗುವಿನ ವಿಷಯ. ಮಳೆಗಾಲದ ಗಾಳಿಗೆ ತೋಟದ ಅಡಿಕೆ ಮರಗಳು ಉರುಳಿದವೆನ್ನಿ. ಪರಿಹಾರದ ಅರ್ಜಿಗೆ ಚಿತ್ರ ಬೇಕು. ಮನೆಯ ಹುಡುಗ ತಂದೆಯನ್ನು ಮುಂದೆ ನಿಲ್ಲಿಸಿ ಪೋರ್ಟ್ರೇಟ್ ಮೋಡಿನಲ್ಲಿ ಅಂದವಾದ ಚಿತ್ರ ತೆಗೆಯುತ್ತಾನೆ. ತಂದೆಯ ಮುಖ ಸ್ಪಷ್ಟ. ಉರುಳಿದ ಮರಗಳು ಹಸಿರು ಮಂಜು. ದಾರಿಯ ತಕರಾರಿನಲ್ಲಿ ಗಡಿಕಲ್ಲಿನ ಚಿತ್ರಕ್ಕೂ ಇದೇ ಗತಿಯಾಗಬಹುದು. ಅಲ್ಲಿ ಮರಗಳು ಬಿದ್ದಿದ್ದವೋ ಇಲ್ಲವೋ, ಕಲ್ಲು ಇತ್ತೋ ಇಲ್ಲವೋ ಎಂದು ಎದುರು ಪಕ್ಷ ಪಾಟೀಸವಾಲಿನಲ್ಲಿ ಕೇಳಿದರೆ ಆ ಚಿತ್ರ ಏನು ಉತ್ತರ ಕೊಟ್ಟೀತು? ದಾಖಲೆಗಾಗಿ ತೆಗೆಯುವ ಚಿತ್ರಗಳನ್ನು ಸಾಮಾನ್ಯ ಮೋಡಿನಲ್ಲಿಯೇ ತೆಗೆಯಿರಿ. ಮೂಲ ಕಡತವನ್ನು ಅಳಿಸದಿರಿ, ತಿದ್ದದಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಅದರ ನಮೂನೆಯಲ್ಲಿ ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಕಡತ ಅದೇ ಹೌದೇ ಎಂಬುದಕ್ಕೆ ಅದು ನೆರವಾಗುತ್ತದೆ. ಕಡತದೊಳಗೆ ಫೋನೇ ಕದಡಿದ್ದನ್ನು ತಿಳಿಗೊಳಿಸುವ ಶಕ್ತಿ ಯಾವ ಪ್ರಮಾಣಪತ್ರಕ್ಕೂ ಇಲ್ಲ.

ಮಸುಕನ್ನು ಮಾತ್ರ ಸಂಶಯಿಸಬೇಕೆಂದೂ ಅಲ್ಲ. ಸ್ಪಷ್ಟತೆಯನ್ನೂ ಕಲ್ಪಿಸಬಹುದು. 1941ರ 'ಸಿಟಿಜನ್ ಕೇನ್' ಚಿತ್ರದಲ್ಲಿ ಪ್ರಸಿದ್ಧವಾದ ಒಂದು ನೋಟವಿದೆ: ತೀರಾ ಮುಂದೆ ದೊಡ್ಡದಾಗಿ ಲೋಟ ಮತ್ತು ಔಷಧದ ಸೀಸೆ, ನಡುವೆ ಹಾಸಿಗೆಯಲ್ಲಿ ಹೆಂಗಸು, ದೂರದಲ್ಲಿ ಬಾಗಿಲು ಒಡೆದು ಬರುವ ಗಂಡ. ಮುಂದಿನದೂ ಹಿಂದಿನದೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟ. ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಆಳವಾದ ಫೋಕಸ್ಸಿಗೆ ಹೆಸರಾದವರು. ಆದರೆ ಈ ನೋಟವನ್ನು ಒಂದೇ ಸಲಕ್ಕೆ ತೆಗೆದಿಲ್ಲ. ಅದೇ ಫಿಲ್ಮಿನ ಮೇಲೆ ಭಾಗಗಳನ್ನು ಬೇರೆ ಬೇರೆಯಾಗಿ ಮೂಡಿಸಿ ಒಂದಾಗಿಸಲಾಗಿದೆ. ಕತೆ ಹೇಳುವವನಿಗೆ ಆ ಹಕ್ಕಿದೆ, ಏಕೆಂದರೆ ನಾವು ಅದನ್ನು ಕತೆಯೆಂದೇ ನೋಡಲು ಕುಳಿತಿದ್ದೇವೆ. ಸುದ್ದಿಯೆಂದು, ಪುರಾವೆಯೆಂದು ನಮ್ಮ ಮುಂದಿಡುವವನಿಗೆ ಆ ಹಕ್ಕಿಲ್ಲ. ಒಮ್ಮೆ ತನ್ನ ಕೈಯಿಂದ ಫೋಕಸ್ ಸರಿಸಿ ನೋಡಿದ ಮಗುವಿಗೆ ಈ ವ್ಯತ್ಯಾಸವನ್ನು ಉಪನ್ಯಾಸ ಕೊಟ್ಟು ತಿಳಿಸಬೇಕಾಗಿಲ್ಲ. ಯಾರದೋ ಫೋನಿನಿಂದ ಫೋನಿಗೆ ಹಾರಿಬಂದ ಚಿತ್ರವನ್ನು ಕಂಡಾಗ, ಇದರ ಹಿನ್ನೆಲೆಯಲ್ಲಿ ಏನಿತ್ತು ಎಂದು ಅದು ತಾನಾಗಿ ಕೇಳುತ್ತದೆ.

ಗ್ರಾಫಿಕ್ಸ್ ಎಂದರೆ ಇಂಗ್ಲಿಷಿನಲ್ಲಿ ಓದಿದವರಿಗೆ ಮಾತ್ರ ಎಂಬ ಅಳುಕು ನಮ್ಮ ಕೆಲವು ಮನೆಗಳಲ್ಲಿದೆ. ತಂತ್ರಾಂಶದ ಗುಂಡಿಗಳ ಹೆಸರು ಇಂಗ್ಲಿಷಿನಲ್ಲಿರುವುದು ನಿಜ. ಅವು ಇಪ್ಪತ್ತೋ ಮೂವತ್ತೋ ಪದಗಳು, ಒಂದು ವಾರದಲ್ಲಿ ರೂಢಿಯಾಗುತ್ತವೆ. ಗುಂಡಿಯ ಹಿಂದಿರುವ ಪೀನ ಮಸೂರ, ಸಂಗಮದೂರ, ವ್ಯಾಸ, ಸರಾಸರಿ ಇವೆಲ್ಲ ಕನ್ನಡದಲ್ಲಿ ಕಲಿತ ಮಗುವಿಗೆ ಆಗಲೇ ತಿಳಿದಿವೆ. ಗುಂಡಿ ಒತ್ತಲು ಮಾತ್ರ ಕಲಿತವನು ಹೊಸ ತಂತ್ರಾಂಶ ಬಂದೊಡನೆ ಮೊದಲಿನಿಂದ ಆರಂಭಿಸಬೇಕು. ಕಿರಣದ ದಾರಿ ತಿಳಿದವನು ಹಾಗೆ ಮಾಡಬೇಕಾಗಿಲ್ಲ.

ಮಕ್ಕಳಿಗೆ ಈ ವಾರದ ಕೆಲಸ ಹೀಗಿದೆ. ಹತ್ತು ಸೆಕೆಂಡಿನ ಒಂದೇ ನೋಟ. ಮುಂದೆ ಒಂದು ವಸ್ತು, ಹಿಂದೆ ಒಂದು ವಸ್ತು. ನಡುವೆ ಒಮ್ಮೆ ಮಾತ್ರ ಫೋಕಸ್ ಸರಿಯಬೇಕು. ಕಂಪ್ಯೂಟರಿಲ್ಲದವರು ಗೋಡೆ, ಮೇಣದಬತ್ತಿ ಮತ್ತು ರಟ್ಟಿನಲ್ಲಿ ಕತ್ತರಿಸಿದ ಎರಡು ಬೊಂಬೆಗಳಿಂದ, ಮನೆಯ ಹಿರಿಯರನ್ನು ಹತ್ತಿರ ಕೂರಿಸಿಕೊಂಡು, ಇದನ್ನೇ ಮಾಡಬಹುದು. ಗೋಡೆಗೆ ಹತ್ತಿರದ ಬೊಂಬೆ ಸ್ಪಷ್ಟ, ದೀಪಕ್ಕೆ ಹತ್ತಿರದ್ದು ಮಸುಕು. ಆರಂಭಿಸುವ ಮುನ್ನ ನೋಟುಪುಸ್ತಕದಲ್ಲಿ ಒಂದು ವಾಕ್ಯ ಬರೆಯಿರಿ: ನೋಡುವವರು ಮೊದಲು ಯಾವುದನ್ನು ನೋಡಬೇಕು, ಆಮೇಲೆ ಯಾವುದನ್ನು, ಏಕೆ. ಮುಗಿದ ಮೇಲೆ ಮನೆಯವರಿಗೆ ತೋರಿಸಿ, ಅವರು ಕಂಡದ್ದನ್ನು ಅವರ ಬಾಯಿಂದಲೇ ಕೇಳಿ, ನಿಮ್ಮ ವಾಕ್ಯದೊಡನೆ ಹೋಲಿಸಿ ನೋಡಿ.